ಗುರುವಾರದ ಬಿ.ಪಿ.

ಮಂದಾಕಿನಿಗೆ ಬೈಯುವುದು ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಎಂದು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಹದಿನಾಲ್ಕು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದವನಿಗೆ ಅಷ್ಟಾದರೂ ಹಕ್ಕು ಬೇಡವೇ? 108 ಆಂಬುಲೆನ್ಸಿನಲ್ಲಿ ಅವಳು ಹಿಂದುಗಡೆ ರೋಗಿಯ ಪಕ್ಕ, ನಾನು ಮುಂದುಗಡೆ ಸ್ಟೇರಿಂಗ್ ಹಿಡಿದು. ಆ ಕೆಲಸದಲ್ಲಿ ಡ್ರೈವರನಿಗೆ ಪೈಲಟ್ ಎನ್ನುತ್ತಾರೆ. ಹೆಸರು ಕೇಳಿ ಹೆಣ್ಣು ಕೊಟ್ಟ ನನ್ನ ಮಾವ ಆಮೇಲೆ ಗಾಡಿ ನೋಡಿ ಸುಮ್ಮನಾದರು.

ಮಂದಾಕಿನಿ ಹಟ್ಟಿಕೇರಿಯವಳು. ಅಪ್ಪ ಗದ್ದೆ ಮಾಡಿ, ಬೇಸಿಗೆಯಲ್ಲಿ ಶೇಂಗಾ ಬೆಳೆದು ನಾಲ್ಕು ಮಕ್ಕಳನ್ನು ಓದಿಸಿದವರು. ಇವಳು ಎರಡನೆಯವಳು. ಕಾರವಾರದಲ್ಲಿ ನರ್ಸಿಂಗ್ ಕಲಿತು ಆಂಬುಲೆನ್ಸಿಗೆ ಸೇರಿದಾಗ ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಗಂಡಸರ ಜೊತೆ ಹೊತ್ತಲ್ಲದ ಹೊತ್ತಿನಲ್ಲಿ ತಿರುಗುವ ಹುಡುಗಿ ಎಂದು ಬಂದ ಎರಡು ಸಂಬಂಧ ಹಿಂದೆ ಹೋದವು. ಮೂರನೆಯದನ್ನು ಇವಳೇ ಬೈದು ಕಳಿಸಿದಳು. ಹಿಲ್ಲೂರಿನ ಕಾಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅವಳು ಮಾಡಿಸಿದ ಹೆರಿಗೆಗಳೇ ಹನ್ನೊಂದು. ಹೆರುವವಳಿಗೂ ಬೈಗುಳ, ಅವಳ ಗಂಡನಿಗೂ ಬೈಗುಳ, ಟಾರ್ಚ್ ಸರಿಯಾಗಿ ಹಿಡಿಯದ ನನಗಂತೂ ಕೇಳುವುದೇ ಬೇಡ. ಮಗು ಅತ್ತ ಮೇಲೆ ಮಾತ್ರ ಅವಳು ಸುಮ್ಮನಾಗುತ್ತಿದ್ದಳು.

ಆದರೆ ಆಂಬುಲೆನ್ಸಿಗೆ ಕರೆ ಬರುವುದು ಎಲ್ಲ ಕೆಟ್ಟ ಮೇಲೆ. ಕಡಲ ಬದಿಯ ಊರುಗಳಿಂದ ನಾವು ಹೊತ್ತು ತಂದವರಲ್ಲಿ ಅರ್ಧಕ್ಕರ್ಧ ಲಕ್ವ ಹೊಡೆದವರು, ಎದೆನೋವಿನವರು. ಬಿ.ಪಿ. ಇತ್ತೇ ಎಂದರೆ ಗೊತ್ತಿಲ್ಲ, ಶುಗರ್ ಇತ್ತೇ ಎಂದರೆ ಗೊತ್ತಿಲ್ಲ. “ಒಂದು ಪಟ್ಟಿ ಕೈಗೆ ಸುತ್ತಿ ನೋಡಿದ್ರೆ ಗೊತ್ತಾಗ್ತಿತ್ತು ರಾಮಣ್ಣ. ಎರಡ್ ನಿಮಿಷದ ಕೆಲ್ಸ. ಯಾರೂ ಮಾಡ್ಲಿಲ್ಲ” ಎಂದು ಅವಳು ಖಾಲಿ ಗಾಡಿಯಲ್ಲಿ ವಾಪಸು ಬರುವಾಗ ಗೊಣಗುತ್ತಿದ್ದಳು.

ಸೊಂಟ ನೋವಿನಿಂದ ಸ್ಟ್ರೆಚರ್ ಎತ್ತಲಾಗದೆ 108 ಬಿಟ್ಟಾಗ ಅವಳಿಗೆ ನಲವತ್ತನಾಲ್ಕು. ಕಾರವಾರದ ಒಬ್ಬ ನಿವೃತ್ತ ಡಾಕ್ಟರು ಒಂದು ಸಣ್ಣ ಟ್ರಸ್ಟ್ ನಡೆಸುತ್ತಿದ್ದರು. ಅವರ ಬಳಿ ಹೋಗಿ, ಜಗಳ ಮಾಡಿಯೇ ಅನ್ನಿ, ಒಂದು ಹಳೇ ಓಮ್ನಿ, ಎರಡು ಬಿ.ಪಿ. ಮಷೀನು, ಒಂದು ಕಪಾಟಿನಷ್ಟು ಗುಳಿಗೆ ಪಡೆದಳು. ಸಮುದಾಯ ಪ್ಯಾರಾಮೆಡಿಕ್ ಎಂದು ಬರೆದ ಕಾರ್ಡನ್ನೂ ಅವರು ಮಾಡಿಕೊಟ್ಟರು. ಕಡಲ ಬದಿಯ ಹೆಂಗಸರಿಗೆ ಅಷ್ಟುದ್ದದ ಹೆಸರು ಬೇಡ. ಅವರಿಗೆ ಅವಳು ನರ್ಸ್ ಬಾಯಿ, ಅಂದರೆ ನರ್ಸಮ್ಮ. ಓಮ್ನಿ ಓಡಿಸಲು ನಾನೂ 108 ಬಿಟ್ಟು ಬಂದೆ. ಬುದ್ಧಿ ಇದೆಯಾ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದೆ.

ಹಾರವಾಡದ ಕಡಲ ಬದಿಯಲ್ಲಿ ಬಲೆ ಇಡುವ ಒಂದು ಷೆಡ್ಡಿದೆ. ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಅದೇ ನಮ್ಮ ಕ್ಲಿನಿಕ್ಕು. ಗುರುವಾರ ಯಾಕೆಂದರೆ ಆ ದಿನ ಮೀನು ಮುಟ್ಟದ ಮನೆಗಳು ನಮ್ಮ ಕಡೆ ಬಹಳ. ವ್ಯಾಪಾರ ಇರುವುದಿಲ್ಲ, ಮೀನು ಮಾರುವ ಹೆಂಗಸರು ಮನೆಯಲ್ಲಿ ಸಿಗುತ್ತಾರೆ. ಮೊದಲೇ ಹೇಳಿ ಬರಬೇಕೆಂದಿಲ್ಲ, ದುಡ್ಡಿಲ್ಲ, ಯಾವ ಕಾಗದವೂ ಬೇಡ. ಬಂದು ಕೂತು ಕೈ ಚಾಚಿದರೆ ಆಯಿತು. ಮಂದಾಕಿನಿ ಬಿ.ಪಿ. ನೋಡುತ್ತಾಳೆ, ಬೆರಳು ಚುಚ್ಚಿ ಶುಗರ್ ನೋಡುತ್ತಾಳೆ, ಮೀನಿನ ಮುಳ್ಳು ಹೊಕ್ಕು ಕೀವಾದ ಬೆರಳನ್ನು ತೊಳೆದು ಕಟ್ಟುತ್ತಾಳೆ. ಗುಳಿಗೆ ಬರೆಯುವ ಅಧಿಕಾರ ಅವಳಿಗಿಲ್ಲ. ತಿಂಗಳಿಗೊಮ್ಮೆ ಡಾಕ್ಟರು ಬಂದು ಬರೆದಿಟ್ಟದ್ದನ್ನು ಕೊಡುವುದಷ್ಟೇ. ಅದರಲ್ಲಿ ಅವಳದು ಬಹಳ ಕಟ್ಟುನಿಟ್ಟು. ಯಾರ ಹೆಸರಿಗೆ ಗುಳಿಗೆಯೋ ಅವರೇ ಬರಬೇಕು, ಅವರೇ ನುಂಗಬೇಕು.

ಮೊದಲ ವರ್ಷ ಅವಳ ಬಾಯಿಗೆ ಹೆದರಿ ಅರ್ಧ ಜನ ಬರುವುದನ್ನೇ ಬಿಟ್ಟರು. ಹೂವಿನ ಉಪಾಯ ಹೊಳೆದದ್ದು ನನಗೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಮ್ಮ ಅಂಗಳದಲ್ಲಿ ಅಬ್ಬಲಿಗೆ ಹೂವು ಬುಟ್ಟಿಗಟ್ಟಲೆ ಬಿಡುತ್ತದೆ. ಯಾರ ಬಿ.ಪಿ. ಹತೋಟಿಯಲ್ಲಿದೆಯೋ ಅವರಿಗೆ ಒಂದು ತುಂಡು ಮಾಲೆ ಕೊಡೋಣ ಎಂದೆ. ಹೆಂಡತಿ ಬೆಳಿಗ್ಗೆಯೇ ಕೊಯ್ದು ಕಟ್ಟಿ ಕೊಡುತ್ತಿದ್ದಳು. ಒಂದೇ ತಿಂಗಳಿಗೆ ಷೆಡ್ಡಿನಲ್ಲಿ ಕೂರಲು ಜಾಗವಿಲ್ಲದಂತಾಯಿತು. ಸಂಜೆ ಹೂ ಮುಡಿದು ಹೋಗುವವರು ದಡದಲ್ಲಿ ಬಲೆ ಒಣಗಿಸುವವರ ಎದುರಿಗೇ ಹಾಯ್ದು ಹೋಗುತ್ತಿದ್ದರು. ತಲೆಯಲ್ಲಿ ಹೂವಿಲ್ಲದವರನ್ನು ಉಳಿದವರು ಬಿಡುತ್ತಿರಲಿಲ್ಲ. “ಎಂತಾ, ನಿಂಗೆ ಇವತ್ತು ಬರೀ ಬೈಗುಳವಾ?” ಎಂದು ಕೇಳಿ ನಗುತ್ತಿದ್ದರು.

ಆರು ತಿಂಗಳ ರಿಜಿಸ್ಟರ್ ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನೂರಾ ಎಪ್ಪತ್ತು, ನೂರಾ ತೊಂಬತ್ತು ಇದ್ದವರೆಲ್ಲ ನೂರಾ ಮೂವತ್ತರ ಆಸುಪಾಸಿಗೆ ಬಂದಿದ್ದರು. ನಲವತ್ತು ವರ್ಷದಲ್ಲಿ ನಾನು ಮಾಡದ್ದನ್ನು ನೀನು ಮಾಡಿದೆ ಎಂದು ಮಂದಾಕಿನಿಗೆ ಹೇಳಿದರು. ಕಾಳಿ ಹೊಳೆಯಾಚೆ ಹಣಕೋಣದಲ್ಲೂ ಒಂದು ಶುರು ಮಾಡುವ ಮಾತು ಎತ್ತಿದರು. ಅವತ್ತು ವಾಪಸು ಬರುವಾಗ ಮಂದಾಕಿನಿ ನನಗೆ ಒಂದು ಸಲವೂ ಬೈಯಲಿಲ್ಲ.

ಹೀರಾ ಎಂಬವಳ ವಿಷಯ ಈಗ ಹೇಳಬೇಕು. ಐವತ್ತೈದರ ಹೆಂಗಸು, ಹೈವೇ ಬದಿಯಲ್ಲಿ ಮೀನು ಇಟ್ಟು ಕೂರುವವಳು. ಮಂದಾಕಿನಿಯ ಬೈಗುಳಕ್ಕೆ ತಿರುಗಿ ಬೈಯುವ ಧೈರ್ಯ ಇಡೀ ಷೆಡ್ಡಿನಲ್ಲಿ ಅವಳೊಬ್ಬಳಿಗಿತ್ತು. ಹಾಗಾಗಿಯೇ ಮಂದಾಕಿನಿಗೆ ಅವಳೆಂದರೆ ಜೀವ. ಮೊದಲ ದಿನ ಅವಳ ಬಿ.ಪಿ. ನೂರಾ ತೊಂಬತ್ತಾರು. ಗುಳಿಗೆ ಶುರುವಾದ ಮೇಲೆ ಒಂದು ಗುರುವಾರವೂ ತಪ್ಪದೆ ಹೂವು ಪಡೆದಳು. ಒಂದು ದಿನ ಹೂವು ಮುಡಿಯುತ್ತಲೇ ಗಂಡ ಕುಪ್ಪನ ಮಾತು ತೆಗೆದಳು. ಕುಪ್ಪ ಪಾತಿ ಎಂಬ ಸಣ್ಣ ದೋಣಿಯಲ್ಲಿ ಬಲೆ ಬಿಡಲು ಹೋಗುವವನು.

“ಬಾಯಿ, ನಮ್ಮನೆಯವ್ರಿಗೂ ಒಂದ್ಸಲ ನೋಡ್ಬೇಕಾಗಿತ್ತು. ಯಾವ್ದೋ ಕ್ಯಾಂಪಲ್ಲಿ ನೋಡಿದ್ರು, ನೂರಾ ಎಂಬತ್ತು ಇತ್ತಂತೆ. ಆಮೇಲೆ ಎಲ್ಲೂ ಹೋಗ್ಲಿಲ್ಲ.”

“ಬರೂಕೆ ಹೇಳು.”

“ಬರೂದಿಲ್ಲ ಅಂತ್ರು. ಬಿ.ಪಿ. ಅದೆ ಅಂತ ಊರಿಗೆ ಗೊತ್ತಾದ್ರೆ ದೋಣಿಗೆ ಯಾರೂ ಕರ್ಯೂದಿಲ್ಲ. ನೀವೇ ಮನೆ ಬದಿಗೆ ಬನ್ನಿ. ಇಲ್ಲಾ ಅವ್ರ ಪಾಲಿಂದು ನಾಕು ಗುಳಿಗೆ ಕೊಡಿ, ನಾ ತಕಂಡ್ ಹೋಗ್ತೆ.”

“ಗುಳಿಗೆ ಎಂತ ಚಾಕ್ಲೇಟಾ, ಹಂಚೂಕೆ? ಇಲ್ಲಿವರೆಗೆ ಬರೂಕೆ ಅವ್ರಿಗೆ ಕಾಲಿಲ್ವಾ? ಏಳು, ಹಿಂದೆ ಜನ ಕಾಯ್ತಾ ಇದ್ರು.”

“ಆಯ್ತು ಮಾರಾಯ್ತಿ, ನಿಂಗೊಂದು ನಮಸ್ಕಾರ” ಎಂದು ಹೀರಾ ಎದ್ದು ಹೋದಳು. ಮಂದಾಕಿನಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೋಡದವನಿಗೆ ಗುಳಿಗೆ ಕೊಡಬಾರದು. ನಾನು ಪಕ್ಕದಲ್ಲೇ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ. ನಕ್ಕೆ ಕೂಡ.

ಹೋದ ನವೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಎಂಟೂವರೆಗೆ ಹೀರಾಳ ಸೊಸೆ ಸಪ್ನಾ ಮಂದಾಕಿನಿಗೆ ಫೋನು ಮಾಡಿದಳು. ಅತ್ತೆ ಕೂತಲ್ಲೇ ಮೀನಿನ ಬುಟ್ಟಿಯ ಮೇಲೆ ಬಿದ್ದರು, ಬಾಯಿ ಸೊಟ್ಟ ಆಗಿದೆ, ಮಾತಾಡುವುದಿಲ್ಲ ಎಂದು. 108 ಆಗಷ್ಟೇ ಇನ್ನೊಂದು ಕರೆಗೆ ಹಿಲ್ಲೂರಿನ ಕಡೆ ಹೋಗಿತ್ತು. ಅದು ಬರುವವರೆಗೆ ಕಾಯುವುದು ಬೇಡವೆಂದು ನಾವು ಓಮ್ನಿಯಲ್ಲೇ ಹೊರಟೆವು. ಹೋಗಿ ನೋಡಿದರೆ ಹೈವೇ ಬದಿಯಲ್ಲಿ ಬಂಗಡೆ ಚೆಲ್ಲಿತ್ತು, ಸುತ್ತ ಜನ, ನಡುವೆ ಸಪ್ನಾಳ ತೊಡೆಯ ಮೇಲೆ ಹೀರಾಳ ತಲೆ. ಯಾರೋ ಬಾಯಿಗೆ ಸೋಡಾ ಹೊಯ್ಯಲು ನೋಡುತ್ತಿದ್ದರು. ಮಂದಾಕಿನಿ ಬಾಟಲಿ ಕಿತ್ತು ರಸ್ತೆಗೆ ಎಸೆದಳು.

ಗಾಡಿ ಕಾರವಾರದ ಕಡೆ ತಿರುಗುವಷ್ಟರಲ್ಲಿ ಅವಳು ಹೀರಾಳ ಎಡತೋಳಿಗೆ ಪಟ್ಟಿ ಸುತ್ತಿದ್ದಳು. ಇನ್ನೂರಾ ಮೂವತ್ತಾರು.

“ಸುಳ್ಳು” ಎಂದಳು. ಮತ್ತೆ ಒತ್ತಿದಳು. ಇನ್ನೂರಾ ಮೂವತ್ತೆಂಟು. “ರಾಮಣ್ಣ, ಮಷೀನ್ ಹಾಳಾಗ್ಯದೆ. ಮೊನ್ನೆ ಗುರುವಾರ ನೂರಾ ಇಪ್ಪತ್ತೆಂಟು ಇತ್ತು, ನಾನೇ ಬರೆದೆ.” ಪಟ್ಟಿ ಬಿಚ್ಚಿ ಸಪ್ನಾಳ ತೋಳಿಗೆ ಕಟ್ಟಿದಳು. ನೂರಾ ಹದಿನೆಂಟು. ತನ್ನ ತೋಳಿಗೇ ಕಟ್ಟಿಕೊಂಡಳು. ನೂರಾ ನಲವತ್ತು. ಮತ್ತೆ ಹೀರಾಳ ತೋಳಿಗೆ. ಇನ್ನೂರಾ ಮೂವತ್ತೆಂಟು. ಕನ್ನಡಿಯಲ್ಲಿ ನನಗೆ ಅವಳ ಮುಖ ಕಾಣುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಎಂಥೆಂಥ ಹೆಣಗಳ ಪಕ್ಕ ಕೂತವಳು, ಅವಳ ಮುಖ ಹಾಗೆ ಬಿಳಿಚಿದ್ದನ್ನು ನಾನು ನೋಡಿರಲಿಲ್ಲ. “ಗುಳಿಗೆ ದಿನಾ ತಕಣ್ತಿದ್ರಲ್ಲ ಸಪ್ನಾ?” ಎಂದು ಕೇಳಿದಳು. ಸಪ್ನಾ ಅತ್ತೆಯ ಕಾಲು ಉಜ್ಜುತ್ತ ಅಳತೊಡಗಿದಳು.

ಕಾರವಾರದ ಆಸ್ಪತ್ರೆಯಲ್ಲಿ ಹೀರಾಳನ್ನು ಸ್ಕ್ಯಾನಿಗೆ ಒಳಗೆ ತೆಗೆದುಕೊಂಡ ಮೇಲೆ, ಹೊರಗಿನ ಬೆಂಚಿನ ಮೇಲೆ ಕೂತು ಸಪ್ನಾ ಹೇಳಿದಳು.

“ಅತ್ತೆ ದಿನಾ ತಕಣ್ತಿರ್ಲಿಲ್ಲ ಬಾಯಿ. ಬುಧವಾರ ಸಂಜೆ ಒಂದು, ಗುರುವಾರ ಬೆಳಿಗ್ಗೆ ಎರಡು. ನಿಮ್ಮ ಷೆಡ್ಡಿಗೆ ಬರೂಕೆ ಅಷ್ಟೇ. ಉಳಿದದ್ದೆಲ್ಲ ಮಾವಂಗೆ. ದೋಣಿಗೆ ಹೋಗೂ ದಿನ ಬುತ್ತಿ ಜೊತೆ ಪೇಪರಲ್ಲಿ ಕಟ್ಟಿ ಇಡ್ತಿದ್ರು. ಶಕ್ತಿ ಗುಳಿಗೆ ಅಂತ ಹೇಳಿ.”

“ಮತ್ತೆ ಅವ್ಳಿಗೆ?”

“ನಾನೂ ಕೇಳ್ದೆ. ‘ಅವ್ರು ದೋಣಿಯಿಂದ ತಲೆ ತಿರುಗಿ ನೀರಿಗೆ ಬಿದ್ರೆ ಎತ್ತೂಕೆ ಯಾರು ಇದ್ರು? ನಾ ಆದ್ರೆ ನೆಲದ ಮೇಲೆ ಕೂತವ್ಳು, ಬಿದ್ರೂ ನೆಲಕ್ಕೇ ಬೀಳ್ತೆ’ ಅಂದ್ರು.”

ಮಂದಾಕಿನಿ ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಳು.

ತಲೆಯೊಳಗೆ ರಕ್ತನಾಳ ಒಡೆದಿದೆ, ಗೋವಾಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಹೀರಾಳ ಜೊತೆ ಮಂದಾಕಿನಿ ಹೋದಳು. ನಾನು ಸಪ್ನಾಳನ್ನು ಕೂರಿಸಿಕೊಂಡು ಹಿಂದಿನಿಂದ ಓಮ್ನಿ ಓಡಿಸಿದೆ. ಕಾಳಿ ಸೇತುವೆ, ಮಾಜಾಳಿ, ಗಡಿ, ಘಾಟಿನ ತಿರುವು. ಆ ದಾರಿಯಲ್ಲಿ ನೂರು ಸಲ ಹೋದವನು ನಾನು. ಮುಂದಿನ ಗಾಡಿಯ ಸೈರನ್ ನಿಂತರೆ ಎಂಬ ಭಯದಲ್ಲಿ ಅಷ್ಟು ದೂರವೂ ಅದನ್ನೇ ಕೇಳುತ್ತ ಹೋದೆ. ಆಂಬುಲೆನ್ಸಿನ ಹಿಂದೆ ಬರುವವರ ಪಾಡೇನು ಎಂಬುದು ನನಗೆ ಗೊತ್ತಾದದ್ದು ಅವತ್ತು.

ಕುಪ್ಪ ಆಗ ಕಡಲಲ್ಲಿದ್ದ. ದಡಕ್ಕೆ ಬಂದ ಮೇಲೆ ಸುದ್ದಿ ತಿಳಿದು, ಮೈಮೇಲಿನ ಒದ್ದೆ ಬಟ್ಟೆಯಲ್ಲೇ ಬಸ್ಸು ಹತ್ತಿದವನು ಸಂಜೆಗೆ ಆಸ್ಪತ್ರೆ ಮುಟ್ಟಿದ. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮುಖ. ಬಾಗಿಲ ಬಳಿಯೇ ನಿಂತ. ಮಂದಾಕಿನಿ ಎದ್ದು ಅವನ ತನಕ ಹೋಗಿ ಹಾಗೇ ವಾಪಸು ಬಂದಳು. ಗುಳಿಗೆಯ ಸಂಗತಿ ಅವನಿಗೆ ಹೇಳಬೇಡಿ ಎಂದು ಸಪ್ನಾ ನಮ್ಮಿಬ್ಬರ ಕೈ ಹಿಡಿದುಕೊಂಡಳು.

ಜೀವ ಉಳಿಯಿತು. ಅಷ್ಟೇ ಉಳಿಯಿತು.

ಬುಧವಾರ ಬೆಳಿಗ್ಗೆ ಮಂದಾಕಿನಿ ನಮ್ಮ ಮನೆಗೆ ಬಂದಳು. ನಿದ್ದೆಯಿಲ್ಲದ ಕಣ್ಣು. “ಹೀರಾ ಒಬ್ಳೇ ಅಲ್ಲ ರಾಮಣ್ಣ, ನಂಗೆ ಹೆದ್ರಿಕೆ ಆಗ್ತಾ ಅದೆ. ಗಾಡಿ ತೆಗೀರಿ” ಎಂದಳು. ಮೀನಿನ ಬುಟ್ಟಿ ಹೊತ್ತ ಹೆಂಗಸರು ಒಳನಾಡಿನ ಹಳ್ಳಿಗಳಿಗೆ ಹೋಗುವ ಬಸ್ಸಿಗೆ ಕಾಯುವ ಜಾಗಕ್ಕೆ ಹೋದೆವು. ಎಲ್ಲ ನಮ್ಮ ಷೆಡ್ಡಿನವರೇ. ಮಷೀನು ಕಂಡದ್ದೇ ತಡ, ಇಬ್ಬರು ಬುಟ್ಟಿ ಎತ್ತಿಕೊಂಡು ಸರಿಯತೊಡಗಿದರು. ಮಂದಾಕಿನಿ ಬಿಡಲಿಲ್ಲ. ಒಂಬತ್ತು ಜನರಿಗೆ ನೋಡಿದಳು. ಏಳು ಜನರದ್ದು ನೂರಾ ಎಂಬತ್ತರ ಮೇಲೆ. ಆರು ದಿನಗಳ ಹಿಂದೆ ಇದೇ ಏಳು ಜನರಿಗೆ ನಾನು ಹೂವು ಕೊಟ್ಟಿದ್ದೆ.

ಗಂಗೆ ಎಂಬ ವಿಧವೆಯದ್ದು ಇನ್ನೂರಾ ನಾಲ್ಕು. ಮಂದಾಕಿನಿ ಅವಳ ಮುಂದೆ ನೆಲದಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ನಿಜ ಹೇಳು ಗಂಗಕ್ಕ. ಗುಳಿಗೆ ಎಂತ ಮಾಡ್ತೆ?”

“ಗುರುವಾರದ ಬದಿಗೆ ತಕಣ್ತೆ ಬಾಯಿ. ಬಾಕಿ ದಿನ ಆಗೂದಿಲ್ಲ. ಅದನ್ನ ನುಂಗಿದ್ರೆ ತಾಸಿಗೆ ಎರಡ್ ಸಲ ಒಂದಕ್ಕೆ ಬರ್ತದೆ. ತಲೆ ಮೇಲೆ ಮೀನು, ನಿಂತದ್ದು ಕಂಡವ್ರ ಅಂಗಳ. ಎಲ್ಲಿಗೆ ಹೋಗೂದು ಹೇಳಿ? ಗುರುವಾರ ಆದ್ರೆ ಮನೇಲೇ ಇರ್ತೆ, ಅಡ್ಡಿಲ್ಲ.”

“ನಂಗೆ ಹೇಳ್ಬೇಕಿತ್ತಲ್ಲ! ಡಾಕ್ಟರಿಗೆ ಹೇಳಿ ಬೇರೆ ಗುಳಿಗೆ ಬರೆಸ್ತಿದ್ದೆ!”

“ಹೇಳಿದ್ರೆ ನೀವು ಬೈತ್ರಿ.” ಗಂಗೆ ತನ್ನ ಬರಿ ತುರುಬು ಮುಟ್ಟಿಕೊಂಡಳು. “ಮತ್ತೆ ಹೂವು. ಅವ್ರು ಹೋಗಿ ಎಂಟು ವರ್ಷ ಆಯ್ತು, ನನ್ನ ತಲೆಗೆ ಹೂವಿಲ್ಲ. ನೀವು ಕೊಟ್ಟದ್ದಕ್ಕೆ ಮಾತ್ರ ಯಾರೂ ಎಂತದೂ ಹೇಳೂದಿಲ್ಲ, ಆಸ್ಪತ್ರೆ ಹೂವು ಅಂತ. ವಾರಕ್ಕೊಂದು ಸಂಜೆ. ನಂಬರ್ ಹೆಚ್ಚಾದ್ರೆ ಅದೂ ಇಲ್ಲ.”

ಬಸ್ಸು ಬಂತು. ಬುಟ್ಟಿಗಳು ಮೇಲೇರಿದವು, ಹೆಂಗಸರು ಏರಿದರು. ಮಂದಾಕಿನಿ ಮಷೀನಿನ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಗಾಡಿಯೊಳಗೆ ಬಂದ ಮೇಲೆ ಅತ್ತಳು. ಮಗು ಅತ್ತ ಹಾಗೆ, ಮೂಗು ಒರೆಸಿಕೊಳ್ಳದೆ. “ಬೈದು ಬೈದು ಸುಳ್ಳು ಹೇಳೂಕೆ ಕಲ್ಸಿದೆ ರಾಮಣ್ಣ. ಕ್ಲಿನಿಕ್ ಇಲ್ದೆ ಇದ್ದಿದ್ರೆ ಚಲೋ ಇತ್ತು. ರೋಗ ಅದೆ ಅಂತ ಹೆದ್ರಿಕೊಂಡಾದ್ರೂ ಇರ್ತಿದ್ರು. ನಾನು ನಂಬರ್ ಬರ್ದು, ಹೂವು ಮುಡಿಸಿ, ನಿಂಗೆ ಎಂತದೂ ಇಲ್ಲ ಹೋಗು ಅಂತ ಕಳಿಸ್ದೆ.” ಹೂವಿನ ಉಪಾಯ ನನ್ನದು ಎಂದೆ ನಾನು. ಅವಳ ಮೇಲೆ ಸಿಟ್ಟೂ ಬಂದಿತ್ತು. ಹೀರಾ ಅಷ್ಟು ಬೇಡಿಕೊಂಡಾಗ ಒಂದು ದಿನ ಅವರ ಮನೆಯ ತನಕ ಹೋಗಿ ಕುಪ್ಪನ ಕೈಗೆ ಪಟ್ಟಿ ಸುತ್ತಿದ್ದರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿಯೂ ಬಿಟ್ಟೆ. ಆಡಬಾರದಿತ್ತು. ಅವಳು ಹೌದು ಎಂದು ತಲೆಯಾಡಿಸಿದಳು. ಅದನ್ನು ಅವಳು ಆ ಹೊತ್ತಿಗೆ ಸಾವಿರ ಸಲ ತನಗೆ ತಾನೇ ಹೇಳಿಕೊಂಡಿದ್ದಳು.

ಡಾಕ್ಟರಿಗೆ ಎಲ್ಲ ಹೇಳಿದಳು. ಅವರು ಗುಳಿಗೆ ಬದಲಿಸಿ ಬರೆದುಕೊಟ್ಟರು, ರಾತ್ರಿ ಊಟವಾದ ಮೇಲೆ ನುಂಗುವಂಥದ್ದು. ನಿಲ್ಲಿಸಬೇಡ ಎಂದರು. ಹಣಕೋಣದ ಮಾತು ಮತ್ತೆ ಬರಲಿಲ್ಲ. ಹೂವು ನಿಂತಿತು. ಮಂದಾಕಿನಿ ಬೈಯುವುದನ್ನೂ ನಿಲ್ಲಿಸಿದಳು, ಅದರಿಂದ ಹೆಂಗಸರಿಗೆ ಇನ್ನೂ ಹೆದರಿಕೆಯಾಯಿತು. ತಮಗೆ ಏನೋ ದೊಡ್ಡದೇ ಆಗಿದೆ, ನರ್ಸ್ ಬಾಯಿ ಅದನ್ನು ಮುಚ್ಚಿಡುತ್ತಿದ್ದಾಳೆ ಎಂದುಕೊಂಡರು. ನಲವತ್ತು ಜನ ಬರುತ್ತಿದ್ದಲ್ಲಿ ಹತ್ತು ಜನ ಬಂದರೆ ಹೆಚ್ಚು. ಗಂಗೆ ಬರಲೇ ಇಲ್ಲ. ಬಂದವರ ನಂಬರುಗಳು ಭೀಕರವಾಗಿದ್ದವು. ಅವಳು ಒಂದೊಂದನ್ನೂ ಬರೆದು, ಕೇಳಿ, ಮತ್ತೆ ಕೇಳಿ, ಸಂಜೆ ರಿಜಿಸ್ಟರ್ ಮುಚ್ಚಿ ಅದರ ಮೇಲೆ ತಲೆಯಿಟ್ಟು ಕೂರುತ್ತಿದ್ದಳು.

ಅವಳಿಗೆ ಹಿಡಿದುಕೊಳ್ಳಲು ಉಳಿದದ್ದು ಒಂದೇ. ದಾರಿಯಲ್ಲಿ ಯಾವಾಗಲಾದರೂ ತಾನಾಗಿಯೇ ಹೇಳುತ್ತಿದ್ದಳು. “ಹೀರಾಳ ಗುಳಿಗೆ ಪೂರ್ತಿ ಹಾಳಾಗ್ಲಿಲ್ಲ ರಾಮಣ್ಣ. ಕುಪ್ಪಣ್ಣನ ಹೊಟ್ಟೆಗಾದ್ರೂ ಹೋಯ್ತು. ಇಲ್ದೆ ಇದ್ರೆ ಈ ಹೊತ್ತಿಗೆ ಅವ್ನೂ ಕಡಲಲ್ಲೇ ಬೀಳ್ತಿದ್ನೇನೋ.” ನಾನು ಹೌದೆನ್ನುತ್ತಿದ್ದೆ. ನನಗೂ ಹೌದೆಂದೇ ಅನ್ನಿಸುತ್ತಿತ್ತು. ಒಬ್ಬರು ಬಿದ್ದರೂ ಒಬ್ಬರು ಉಳಿದರಲ್ಲ ಎಂಬ ಲೆಕ್ಕದಲ್ಲಿ ನಾವಿಬ್ಬರೂ ಹೇಗೋ ದಿನ ದೂಡಿದೆವು.

ಡಿಸೆಂಬರಿನಲ್ಲಿ ಹೀರಾ ಮನೆಗೆ ಬಂದಳು. ನೋಡಲು ಹೋದೆವು. ಚಾಪೆಯ ಮೇಲೆ ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಬಲಗೈ, ಬಲಗಾಲಿಗೆ ಸ್ವಾಧೀನವಿಲ್ಲ. ಬಾಯಿಂದ ಬರುವುದು ಒಂದೇ ಶಬ್ದ, ‘ಬಾ, ಬಾ’ ಎಂದು. ನೀರು ಬೇಕಾದರೂ ಅದೇ, ನೊಣ ಕೂತರೂ ಅದೇ. ಮಂದಾಕಿನಿಯನ್ನು ಕಂಡು ಎಡಗೈ ಎತ್ತಿ ಅದನ್ನೇ ಅಂದಳು, ಕಣ್ಣಲ್ಲಿ ನೀರು ಸುರಿಯಿತು. ಬೈಯುತ್ತಿದ್ದಳೋ, ಬಾಯಿ ಎಂದು ಕರೆಯುತ್ತಿದ್ದಳೋ, ಯಾರಿಗೆ ಗೊತ್ತು. ಕುಪ್ಪ ಪಕ್ಕದಲ್ಲಿ ಕೂತು ಗಂಜಿ ಆರಿಸುತ್ತಿದ್ದ. ಒಂದೊಂದೇ ಚಮಚ ಬಾಯಿಗಿಟ್ಟು, ಸೊಟ್ಟ ತುಟಿಯಿಂದ ಇಳಿದದ್ದನ್ನು ಬೆರಳಲ್ಲಿ ಒರೆಸುತ್ತಿದ್ದ. ದೋಣಿಗೆ ಹೋಗುವುದನ್ನು ಬಿಟ್ಟಿದ್ದ. ಒಂದು ಸಲ ಷೆಡ್ಡಿಗೆ ಬನ್ನಿ ಎಂದು ಮಂದಾಕಿನಿ ಅವನಿಗೆ ಕೈ ಮುಗಿದು ಹೇಳಿದಳು. ಅವನು ಹ್ಞೂಂ ಎಂದ.

ಬಂದದ್ದು ಜನವರಿಯ ಎರಡನೇ ಗುರುವಾರ. ಐದಕ್ಕೆ ಹತ್ತು ನಿಮಿಷವಿತ್ತು, ನಾನು ಕುರ್ಚಿಗಳನ್ನು ಗಾಡಿಗೆ ಹಾಕುತ್ತಿದ್ದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕುಪ್ಪ ಒಳಗೆ ಬಂದ. ಮಂದಾಕಿನಿ ಎದ್ದು ನಿಂತಳು. ಅವಳ ಮುಖದಲ್ಲಿ ಎರಡು ತಿಂಗಳಲ್ಲಿ ಮೊದಲ ಸಲ ಸ್ವಲ್ಪ ಬೆಳಕು ಕಂಡೆ. ಅವನನ್ನು ಕೂರಿಸಿ, ನೀರು ಕೊಟ್ಟು, ಐದು ನಿಮಿಷ ಬಿಟ್ಟು ಪಟ್ಟಿ ಸುತ್ತಿದಳು.

ಇನ್ನೂರಾ ಹನ್ನೆರಡು.

“ಎರಡ್ ತಿಂಗಳಿಂದ ಗುಳಿಗೆ ಸಿಕ್ಲಿಲ್ಲ ಅಲ್ವಾ, ಅದ್ಕೇ ಏರ್ಯದೆ” ಎಂದು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು. ನಾನು ತಲೆಯಾಡಿಸಿದೆ.

ಕುಪ್ಪ ಚೀಲದಿಂದ ಗಾಳ ಇಡುವ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದ. ಡಬ್ಬಿಯ ತುಂಬ ಗುಳಿಗೆ. ಕೆಲವು ಪೇಪರಿನ ಸಣ್ಣ ಪೊಟ್ಟಣದಲ್ಲಿ ಹಾಗೇ ಇದ್ದವು, ಕೆಲವು ಉಪ್ಪುಗಾಳಿಗೆ ಪಸೆಯಾಗಿ ಒಂದಕ್ಕೊಂದು ಅಂಟಿದ್ದವು, ತಳದಲ್ಲಿ ಬರೀ ಪುಡಿ.

“ಸುರುವಿಗೆ ಎರಡ್ ದಿನ ತಕಂಡೆ ಬಾಯಿ. ಬಲೆ ಎಳೆಯೂಕೆ ನಿಂತ್ರೆ ಕಣ್ಣು ಕತ್ಲೆ ಬಂತು. ಆಮೇಲೆ ಮುಟ್ಲಿಲ್ಲ. ಅವ್ಳಿಗೆ ಹೇಳಿದ್ರೆ ದೋಣಿಗೇ ಬಿಡೂದಿಲ್ಲ. ನೀರಿಗೆ ಒಗ್ಯೂಕೂ ಮನಸಾಗ್ಲಿಲ್ಲ, ಅವ್ಳು ಕಟ್ಟಿ ಕೊಟ್ಟದ್ದು. ಅವ್ಳ ಪಾಲಿಂದು ಅಂತ ನಂಗೆ ಗೊತ್ತಿರ್ಲಿಲ್ಲ. ನಿನ್ನೆ ಸಪ್ನಾ ಹೇಳ್ತು.”

ಮಂದಾಕಿನಿ ಡಬ್ಬಿಯನ್ನೇ ನೋಡುತ್ತಿದ್ದಳು. ಬೈಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನಿಗೆ ಬೈಯಿ, ನನಗಾದರೂ ಬೈಯಿ. ಹೊರಗೆ ಯಾರೋ ದೋಣಿಯನ್ನು ಮರಳ ಮೇಲೆ ಎಳೆಯುತ್ತ ಕೂಗುತ್ತಿದ್ದರು.

“ಇದೆಲ್ಲ ಅವ್ಳದ್ದೇ ಅಲ್ವಾ ಬಾಯಿ?” ಕುಪ್ಪ ಮುಂದೆ ಬಾಗಿದ. “ಈಗ ಕೊಟ್ರೆ ಆಗೂದಿಲ್ವಾ? ಬೆಳಿಗ್ಗೆ ಒಂದು, ಸಂಜೆ ಒಂದು, ನಾನೇ ಬಾಯಿಗೆ ಹಾಕ್ತೆ. ಕೈ ಬರ್ತದಾ? ಮಾತಾದ್ರೂ ಬರ್ತದಾ?”

“ಬರೂದಿಲ್ಲ ಕುಪ್ಪಣ್ಣ. ಅವ್ಳಿಗೆ ಬೇರೆ ಕೊಟ್ಟಿದ್ರು. ಇದು ಹಾಳಾಗ್ಯದೆ.”

“ಎಲ್ಲಾ ಹಾಳಾಗ್ಲಿಲ್ಲ” ಎಂದು ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ. “ಒಳ್ಳೇದು ಆರಿಸಿ ಕೊಡಿ.”

ಕೊಡುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಮಂದಾಕಿನಿ ಕುರ್ಚಿ ಎಳೆದುಕೊಂಡು ಕೂತಳು. ಡಬ್ಬಿಯನ್ನು ಮೇಜಿನ ಮೇಲೆ ಸುರುವಿ, ಪುಡಿಯಾದದ್ದನ್ನು ಒಂದು ಬದಿಗೆ, ಗಟ್ಟಿಯಿದ್ದದ್ದನ್ನು ಇನ್ನೊಂದು ಬದಿಗೆ ಆರಿಸತೊಡಗಿದಳು.